ಆಯಿ ಎಣಿಸಿದ ಅರಿವೆ, ಅಕ್ಕನ ಚಾರ್ಟಿನ 84

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ರೋಣ ತಾಲ್ಲೂಕಿನ ಎರೆಹೊಲದ ನಡುವಿನ ಊರು ನಮ್ಮದು. ಅಟ್ಟದ ಮೇಲಿನ ಟ್ರಂಕು ಇಳಿಸಿ ಧೂಳು ಹೊಡೀತಿದ್ದಾಗ ಒಂದು ಹಳೇ ಆಸ್ಪತ್ರೆ ಫೈಲು ಸಿಕ್ಕಿತು. ಅಕ್ಕನದು. 1998ನೇ ಇಸವಿಯದು, ಅಂದ್ರೆ ಗದಗ ಜಿಲ್ಲೆಗೇ ಆಗ ಒಂದು ವರ್ಷದ ಹಸುಗೂಸಿನ ವಯಸ್ಸು. ಹಾಳೆಗಳು ಹಳದಿಯಾಗಿ ಮಡಿಕೆಯಲ್ಲಿ ಹರೀತಿದ್ದವು. ಓದುವಂಥದ್ದೇನೂ ಇರಲಿಲ್ಲ, ಆದರೂ ಓದಿದೆ. ನಾಡಿ ಬಡಿತದ ಕಾಲಮ್ಮಿನ ಹತ್ತಿರ ಬಂದು ನಿಂತೆ.

ರಾತ್ರಿ 10ಕ್ಕೆ 84. 11ಕ್ಕೆ 84. 12ಕ್ಕೆ 84. ಒಂದಕ್ಕೆ 84. ಎರಡಕ್ಕೆ 84. ಮೂರಕ್ಕೂ 84. ಪಕ್ಕದ ಬಿ.ಪಿ. ಕಾಲಮ್ಮಿನಲ್ಲಿ ಉದ್ದಕ್ಕೂ 110/70. ಎಲ್ಲಾ ಒಂದೇ ಪೆನ್ನು, ಒಂದೇ ಓಟದ ಬರಹ. ಕೂತಲ್ಲೇ ಒಂದೇ ಸಲಕ್ಕೆ ತುಂಬಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತೆ.

ಆ ರಾತ್ರಿ ಮೂರು ಗಂಟೆಗೆ ನಮ್ಮಕ್ಕ ಸಾಯ್ತಾ ಇದ್ದಳು.

ಯಾವ ಆಸ್ಪತ್ರೆ ಅಂತ ಹೇಳೋದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಇಪ್ಪತ್ತೇಳು ವರ್ಷದ ಹಿಂದಿನ ಮಾತು, ಆ ಸಿಸ್ಟರ್ ಒಬ್ಬರೇ ಆ ರಾತ್ರಿ ಇಡೀ ವಾರ್ಡು ನೋಡ್ಕೋತಾ ಇದ್ರು ಅನ್ನೋದೂ ನನಗೆ ನೆನಪಿದೆ. ಸಂಜೆ ಏಳಕ್ಕೆ ಹೆರಿಗೆ ಆಗಿತ್ತು. ಹೆಣ್ಣು ಕೂಸು, ಎಲ್ಲ ಸುಸೂತ್ರ. ನಾವು ಗಂಡಸರು ಹೊರಗೆ ಕಟ್ಟೆ ಮೇಲೆ ಪೇಢೆ ತಿಂದು ಮಲಗಿದ್ವಿ. ಒಳಗೆ ಅಕ್ಕನ ಹತ್ತಿರ ಇದ್ದವಳು ನಮ್ಮ ಆಯಿ. ಎಪ್ಪತ್ತೈದರ ಹತ್ತಿರ ವಯಸ್ಸು, ಕಣ್ಣು ಅರ್ಧ ಮಂಜು. ಎರಡೂವರೆ ಸುಮಾರಿಗೆ ಹೊರಗೆ ಬಂದು ನನ್ನ ಕಾಲು ಹಿಡಿದು ಅಲುಗಿಸಿದಳು.

"ಏಳೋ ತಮ್ಮಾ. ಏಳನೇ ಅರಿವಿ ತೊಯ್ದತಿ. ನಾಕರ ಮ್ಯಾಲ ಹೋಗಬಾರ್ದು. ಇದು ಛಲೋ ಅಲ್ಲ. ಡಾಕ್ಟರನ್ನ ಎಬ್ಬಸ್ರಿ."

ನನಗೆ ಏನೂ ಅರ್ಥ ಆಗಲಿಲ್ಲ. ಏಳನೇ ಅರಿವೆ ಅಂದ್ರೆ? ಆಯಿ ಹಳೇ ಧೋತರ ಹರಿದು ಒಂದೇ ಅಳತೆಯ ತುಂಡು ಮಾಡಿ ಗಂಟು ಕಟ್ಕೊಂಡು ಬಂದಿದ್ದಳು. ಒಂದೊಂದು ತೊಯ್ದಾಗ ಎತ್ತಿ ಮೂಲೆಯಲ್ಲಿ ಇಡ್ತಾ ಎಣಿಸ್ತಿದ್ದಳು. ಅಷ್ಟೇ. ಸಿಸ್ಟರಿಗೆ ಎರಡು ಸಲ ಹೇಳಿದ್ದಳಂತೆ. "ಹೆರಿಗೆ ಆದ್ಮ್ಯಾಲೆ ಹೋಗೋದ ಅಜ್ಜಿ, ಮಲಕೋ ಹೋಗು" ಅಂದಿದ್ರಂತೆ. ನಾನು, ಮಾವ ಸೇರಿ ಗಲಾಟೆ ಮಾಡಿ ಡಾಕ್ಟರನ್ನ ಕರೆಸಿದ್ವಿ. ಅವರು ಬಂದು ಕಣ್ಣ ರೆಪ್ಪೆ ಇಳಿಸಿ ನೋಡಿದ್ದೇ ತಡ, ಹುಬ್ಬಳ್ಳಿಗೆ ಒಯ್ಯಿರಿ ಅಂದ್ರು. 108 ಬಂದದ್ದು ಇನ್ನೂ ಹತ್ತು ವರ್ಷ ಆದಮೇಲೆ, 2008ರ ನವೆಂಬರಿನಲ್ಲಿ. ಅವತ್ತು ಸಿಕ್ಕಿದ್ದು ಒಂದು ಟ್ರ್ಯಾಕ್ಸ್. ಹುಬ್ಬಳ್ಳಿಯಲ್ಲಿ ನಾನೂ ಒಂದು ಬಾಟಲಿ ರಕ್ತ ಕೊಟ್ಟೆ. ಅಕ್ಕ ಉಳಿದಳು. ಗರ್ಭಕೋಶ ಉಳಿಯಲಿಲ್ಲ.

ಆಮೇಲೆ ಎಷ್ಟೋ ದಿನಕ್ಕೆ ಆಯಿಯನ್ನ ಕೇಳಿದ್ದೆ, ನಾಲ್ಕು ಅಂತ ಲೆಕ್ಕ ಎಲ್ಲಿಂದ ಬಂತು ಅಂತ. ಅವಳ ತಂಗಿ ಮೂರನೇ ಹೆರಿಗೆಯಲ್ಲಿ ಹೋದಾಗ ಊರ ಸೂಲಗಿತ್ತಿ ಹೇಳಿದ್ದಂತೆ. ಅದು ರೋಣ, ನರಗುಂದ ಎಲ್ಲ ಇನ್ನೂ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ ಇದ್ದ ಕಾಲ, 1950ರ ಆಸುಪಾಸು. ಮಳೆಗಾಲ. ಸೂಲಗಿತ್ತಿಗೆ ಗೊತ್ತಾಯಿತು, ಮಾಸು ಪೂರ್ತಿ ಬಿದ್ದಿಲ್ಲ, ಇದು ನಿಲ್ಲೋ ರಕ್ತ ಅಲ್ಲ ಅಂತ. ಗೊತ್ತಾಗಿ ಏನು ಮಾಡೋದು? ಎರೆಮಣ್ಣಿನ ಕೆಸರಿನಲ್ಲಿ ಚಕ್ಕಡಿಯ ಗಾಲಿ ಅಚ್ಚಿನ ತನಕ ಹೂತು ಹೋಗುತ್ತೆ. ಬೆಣ್ಣೆಹಳ್ಳ ತುಂಬಿ ಹರೀತಿತ್ತು. "ಗೊತ್ತಿತ್ತೋ ತಮ್ಮಾ, ಎಲ್ಲಾರಿಗೂ ಗೊತ್ತಿತ್ತು. ಬೆಳಗಾಗೂತನಾ ಕುಂತು ನೋಡಿದ್ವಿ" ಅಂದಳು ಆಯಿ. ಈ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಹಂಗಂತ ಸೂಲಗಿತ್ತಿಯರ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳೋಕೆ ಹೊರಟಿಲ್ಲ. ಕುಡುಗೋಲಿನಿಂದ ಹೊಕ್ಕಳ ಬಳ್ಳಿ ಕೊಯ್ತಿದ್ರು, ನಂಜು ಏರಿ ಸತ್ತವರಿಗೆ ಲೆಕ್ಕವಿಲ್ಲ. ಬಾಣಂತಿ ಸನ್ನಿ ಅನ್ನೋ ಒಂದೇ ಹೆಸರಿನಲ್ಲಿ ಎಷ್ಟು ಬೇರೆ ಬೇರೆ ಸಾವುಗಳು ಅಡಗಿದ್ದವೋ! ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಆಯಿಯ ತಂಗಿಗೆ ಎಚ್ಚರಿಕೆ ಸಿಕ್ಕಿತ್ತು, ಆಸ್ಪತ್ರೆ ಇರಲಿಲ್ಲ. ಅಕ್ಕ ಆಸ್ಪತ್ರೆಯಲ್ಲೇ ಇದ್ದಳು, ಎಚ್ಚರಿಕೆ ಇರಲಿಲ್ಲ. ಇವೆರಡೂ ಒಂದೇ ಸೂರಿನಡಿ ಸೇರೋಕೆ ಇಷ್ಟು ವರ್ಷ ಯಾಕೆ ಬೇಕಾಯಿತು? ಫೈಲು ಸಿಕ್ಕ ಮೇಲೆ ಒಂದಷ್ಟು ತಿಂಗಳು ಇದನ್ನೇ ಓದಿದೆ. ನಾನು ಡಾಕ್ಟರ್ ಅಲ್ಲ, ತಿಳಿದವರು ತಪ್ಪಿದ್ದರೆ ತಿದ್ದಿ.

ನಮ್ಮ ಮೂರೂ ಊರುಗಳಿಗೆ ಇತಿಹಾಸಕ್ಕೇನೂ ಬರ ಇಲ್ಲ. ನರಗುಂದ ಅಂದ್ರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ, 1980ರ ರೈತ ಬಂಡಾಯ. ಗಜೇಂದ್ರಗಡ ಅಂದ್ರೆ ಕೋಟೆ, ಕಾಲಕಾಲೇಶ್ವರ, ನೇಕಾರರ ಮಗ್ಗ, 1787ರಲ್ಲಿ ಟಿಪ್ಪುವಿಗೂ ಮರಾಠರಿಗೂ ಆದ ಒಪ್ಪಂದ. ರೋಣದಲ್ಲಿ ಹುಟ್ಟಿದವರು ಭೀಮಸೇನ ಜೋಶಿ. ಸೂಡಿಯ ಕಡೆ ಹೋದರೆ ಹಳೇ ಗುಡಿ, ಶಾಸನ, ಬಾವಿ. ದನ ಕಾಯೋಕೆ ಹೋಗಿ ಸತ್ತವನಿಗೆ ನಮ್ಮ ಸೀಮೆಯಲ್ಲಿ ವೀರಗಲ್ಲು ಸಿಗುತ್ತೆ, ಗಂಡನ ಜೊತೆ ಬೆಂಕಿಗೆ ಬಿದ್ದವಳಿಗೆ ಮಾಸ್ತಿಕಲ್ಲು ಸಿಗುತ್ತೆ. ಹಡೆಯೋಕೆ ಹೋಗಿ ಸತ್ತವಳಿಗೆ ಕಲ್ಲು ನೆಟ್ಟಿದ್ದನ್ನ ನಾನಂತೂ ನೋಡಿಲ್ಲ. ತಮಿಳುನಾಡಿನಲ್ಲಿ 'ಸುಮೈತಾಂಗಿ ಕಲ್' ಅಂತ ಒಂದಿದೆ. ಎರಡು ನಿಲುಗಲ್ಲಿನ ಮೇಲೆ ಒಂದು ಅಡ್ಡಗಲ್ಲು, ದಾರಿಹೋಕರು ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳೋಕೆ. ಬಸುರಲ್ಲೇ ಸತ್ತ ಹೆಂಗಸಿನ ನೆನಪಿಗೆ ಅದನ್ನ ಕಟ್ಟಿಸ್ತಿದ್ರಂತೆ. ಅವಳ ಹೊರೆ ಇಳೀಲಿಲ್ಲವಲ್ಲ, ಬೇರೆಯವರದಾದರೂ ಇಳೀಲಿ ಅಂತ.

ಕಲ್ಲಿನ ಮಾತು ಇರಲಿ. ಅಂಕಿ ನೋಡೋಣ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯ್ತಾರೆ ಅನ್ನೋದು ಲೆಕ್ಕದ ಪದ್ಧತಿ. ಕರ್ನಾಟಕದಲ್ಲಿ 2001-03ರಲ್ಲಿ ಅದು 228 ಇತ್ತು. 2018-20ಕ್ಕೆ 69ಕ್ಕೆ ಇಳಿಯಿತು. ಸಣ್ಣ ಸಾಧನೆ ಅಲ್ಲ ಇದು. ಅದೇ ಹೊತ್ತಿಗೆ ಕೇರಳದ್ದು 19. ಅಂದ್ರೆ ದಕ್ಷಿಣದ ರಾಜ್ಯಗಳಲ್ಲೇ ಹಿಂದೆ ಉಳಿದವರು ನಾವು. 2005ರಲ್ಲಿ ಜನನಿ ಸುರಕ್ಷಾ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಮಡಿಲು ಕಿಟ್ ಬಂತು, 108 ಬಂತು. ಆಸ್ಪತ್ರೆಯಲ್ಲಿ ಹೆರಿಗೆ ಆಗೋದು 2005-06ರ ಸಮೀಕ್ಷೆಯಲ್ಲಿ ಶೇಕಡಾ 65ರ ಹತ್ತಿರ ಇದ್ದದ್ದು 2019-20ರ ಸಮೀಕ್ಷೆಗೆ ಶೇಕಡಾ 97 ಆಯಿತು. ನಮ್ಮ ಊರಲ್ಲಿ ಈಗ ಮನೆಯಲ್ಲಿ ಹಡೆಯೋರು ಇಲ್ಲವೇ ಇಲ್ಲ ಅನ್ನಬಹುದು.

1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಅನ್ನೋ ಇಬ್ಬರು ಬರೆದ ಒಂದು ಲೇಖನ ಈ ವಿಷಯದಲ್ಲಿ ಎಲ್ಲರೂ ಹೇಳೋ ಮಾತು. ತಾಯಿ ಸಾಯೋದು ಮೂರು ವಿಳಂಬದಿಂದ. ಆಸ್ಪತ್ರೆಗೆ ಹೋಗೋಣ ಅಂತ ಮನೆಯವರು ನಿರ್ಧಾರ ಮಾಡೋದರಲ್ಲಿ ಒಂದು, ದಾರಿಯಲ್ಲಿ ಒಂದು, ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗೋದರಲ್ಲಿ ಒಂದು. ಆಯಿಯ ತಂಗಿ ಸತ್ತದ್ದು ಎರಡನೆಯದರಿಂದ. ನಮ್ಮಲ್ಲಿ ಈ ಇಪ್ಪತ್ತು ವರ್ಷದಲ್ಲಿ ಆದ ಕೆಲಸವೆಲ್ಲ ಬಹುಪಾಲು ಮೊದಲ ಎರಡರ ಮೇಲೆ. ಮೂರನೆಯದು ವಾರ್ಡಿನ ಒಳಗೆ ಹಂಗೇ ಕೂತಿದೆ. ಗಜೇಂದ್ರಗಡ ದಾಟಿದರೆ ಕೊಪ್ಪಳ ಜಿಲ್ಲೆ. ಅಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಮುಂತಾದವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸತ್ತ ತಾಯಂದಿರ ಮನೆಯವರು, ಆಶಾ, ಸಿಸ್ಟರು, ಡಾಕ್ಟರು ಎಲ್ಲರನ್ನೂ ಮಾತಾಡಿಸಿ ಒಂದೊಂದು ಸಾವಿನ ಕಥೆಯನ್ನ ಜೋಡಿಸಿದರು. ಅದಕ್ಕೆ ಕುರೊಸಾವಾನ 'ರಾಶೊಮಾನ್' ಸಿನಿಮಾದ ಹೆಸರನ್ನೇ ಇಟ್ಟರು. ಒಂದೇ ಘಟನೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತರ. ನನ್ನ ಕೈಯಲ್ಲಿದ್ದ ಫೈಲೂ ಒಂದು ಸಾಕ್ಷಿಯೇ. ಅಕ್ಕ ಸತ್ತಿದ್ದರೆ ಕಾಗದದ ಪ್ರಕಾರ ಅವಳ ನಾಡಿ ಕೊನೆಯ ತನಕ 84!

ಈಗ ಎಚ್ಚರಿಕೆಯ ಕಥೆಗೆ ಬರ್ತೀನಿ. ಇದು ಶುರುವಾದದ್ದು ನಮ್ಮಂಥದ್ದೇ ಒಂದು ಸೀಮೆಯಿಂದ. 1954ರಲ್ಲಿ ಇಮ್ಯಾನುಯೆಲ್ ಫ್ರೀಡ್‌ಮನ್ ಅಂತ ಅಮೆರಿಕದ ವೈದ್ಯ, ಹೆರಿಗೆ ಬೇನೆ ಬಂದಮೇಲೆ ಗರ್ಭಕೋಶದ ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತೆ ಅಂತ ಗೆರೆ ಎಳೆದು ತೋರಿಸಿದ. ಅವನಿಗೆ ಅದು ಅಧ್ಯಯನ. 1972ರಲ್ಲಿ ರೊಡೀಸಿಯಾದಲ್ಲಿ, ಅಂದ್ರೆ ಇವತ್ತಿನ ಜಿಂಬಾಬ್ವೆಯಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ ಅನ್ನೋರು ಅದೇ ಹಾಳೆಯ ಮೇಲೆ ಇನ್ನೆರಡು ಗೆರೆ ಎಳೆದರು. ಅಲ್ಲಿ ಊರಾಚೆಯ ಸಣ್ಣ ಹೆರಿಗೆ ಕೇಂದ್ರಗಳನ್ನ ನಡೆಸ್ತಿದ್ದವರು ದಾದಿಯರು, ಡಾಕ್ಟರು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಮೊದಲನೇದು ಎಚ್ಚರಿಕೆಯ ಗೆರೆ. ಹೆರಿಗೆಯ ಗತಿ ಅದನ್ನ ದಾಟಿತು ಅಂದ್ರೆ ಗಾಡಿ ಕಟ್ಟಬೇಕು. ಅದರಿಂದ ನಾಲ್ಕು ಗಂಟೆ ಆಚೆಗೆ ಎರಡನೇದು, ಅದನ್ನ ಮುಟ್ಟಿದ ಮೇಲೆ ಕಾಯುವಂತಿಲ್ಲ, ಏನಾದರೂ ಮಾಡಲೇಬೇಕು. ಆ ನಾಲ್ಕು ಗಂಟೆಯಲ್ಲಿ ದಾರಿಯ ಹೊತ್ತೂ ಸೇರಿತ್ತು ಅನ್ನೋದು ನನಗೆ ಬಹಳ ಹಿಡಿಸಿತು. ಕೆಸರು, ಚಕ್ಕಡಿ, ಹಳ್ಳ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡ ಗೆರೆ ಅದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಇಂಡೊನೇಷ್ಯಾ, ಮಲೇಷ್ಯಾ, ಥಾಯ್ಲೆಂಡುಗಳಲ್ಲಿ 35,484 ಹೆರಿಗೆಗಳಲ್ಲಿ ಪರೀಕ್ಷೆ ಮಾಡಿ 1994ರಲ್ಲಿ ಫಲಿತಾಂಶ ಕೊಟ್ಟಿತು. 18 ಗಂಟೆ ಮೀರಿ ಎಳೆಯೋ ಹೆರಿಗೆಗಳು ಶೇಕಡಾ 6.4ರಿಂದ 3.4ಕ್ಕೆ ಇಳಿದಿದ್ದವು. ಪಾರ್ಟೋಗ್ರಾಫ್ ಅಂತ ನಮ್ಮ ಸಿಸ್ಟರುಗಳು ತುಂಬಿಸೋ ಹಾಳೆ ಇದೇ.

ಆದರೆ ಪಾರ್ಟೋಗ್ರಾಫಿನ ಕೆಲಸ ಕೂಸು ಹೊರಗೆ ಬರೋತನಕ. ನಮ್ಮ ಅಕ್ಕನ ಕಥೆ ಶುರುವಾದದ್ದು ಅದು ಮುಗಿದ ಮೇಲೆ. ಹಸಿ ಬಾಣಂತಿಯನ್ನ ಯಾರು ನೋಡಬೇಕು?

ಇದಕ್ಕೆ ಉತ್ತರ ಬಂದದ್ದು ಹೆರಿಗೆ ವಾರ್ಡಿನಿಂದ ಅಲ್ಲ. 1990ರಲ್ಲಿ ಅಮೆರಿಕದ ಮಯಾಮಿಯಲ್ಲಿ ಆಸ್ಪತ್ರೆಯೊಳಗೇ ಹೃದಯ ನಿಂತ 64 ಜನರ ಕಾಗದಗಳನ್ನ ಹಿಂದಕ್ಕೆ ಓದಿ ನೋಡಿದರು. ಶೇಕಡಾ 84 ಜನರಲ್ಲಿ ಅದಕ್ಕೂ ಎಂಟು ಗಂಟೆಯೊಳಗೆ ಏನೋ ಸರಿಯಿಲ್ಲ ಅನ್ನೋ ಸೂಚನೆ ಬರೆದಿಟ್ಟಿತ್ತು. (ಇಲ್ಲೂ 84! ಕಾಕತಾಳೀಯ.) ಬರೆದಿತ್ತು, ಯಾರೂ ಓದಿರಲಿಲ್ಲ. 1997ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಗನ್ ಮತ್ತು ಜೊತೆಗಾರರು ಇದಕ್ಕೊಂದು ಸರಳ ಉಪಾಯ ಹುಡುಕಿದರು. ನಾಡಿ, ಉಸಿರು, ಬಿ.ಪಿ., ಜ್ವರ, ಎಚ್ಚರ, ಒಂದೊಂದಕ್ಕೂ ಅಂಕ ಕೊಡೋದು. ಕೂಡಿಸಿದಾಗ ಇಷ್ಟು ದಾಟಿದರೆ ಡಾಕ್ಟರನ್ನ ಕರೆಯಲೇಬೇಕು. ಅಕ್ಕ ಹಡೆದದ್ದು ಅದರ ಮರುವರ್ಷ ಅಂತ ಲೆಕ್ಕ ಹಾಕಿದಾಗ ಒಂಥರಾ ಆಯಿತು.

ಬಾಣಂತಿಯರಿಗೆ ಇದೇ ಅಂಕ ನಡೆಯೋದಿಲ್ಲ. ಬಸುರಿಯ ಮೈಯಲ್ಲಿ ರಕ್ತವೇ ಶೇಕಡಾ 40-50ರಷ್ಟು ಹೆಚ್ಚಾಗಿರುತ್ತೆ. ಹೆರಿಗೆಯಲ್ಲಿ ಹೋಗೋ ರಕ್ತಕ್ಕೆ ದೇಹ ಮೊದಲೇ ಮಾಡಿಕೊಂಡ ಸಿದ್ಧತೆ ಅದು. ಅದರ ಮೇಲೆ ಹರೆಯದ ಹೆಣ್ಣುಮಗಳು, ಗಟ್ಟಿ ಹೃದಯ. ಹಾಗಾಗಿ ಒಂದು ಲೀಟರ್ ಹೋದರೂ ಬಿ.ಪಿ. ಹೆಚ್ಚು ಇಳಿಯದೇ ಇರಬಹುದು. ಮೊದಲು ಓಡೋದು ನಾಡಿ. ಆಮೇಲೆ ಉಸಿರು. ಬಿ.ಪಿ. ಬೀಳೋದು ಕೊನೆಗೆ, ಅಷ್ಟು ಹೊತ್ತಿಗೆ ಕೈ ಮೀರ್ತಾ ಬಂದಿರುತ್ತೆ. ನಮ್ಮ ಕಡೆ ಇನ್ನೊಂದು ತೊಡಕು ಇದೆ. ಕರ್ನಾಟಕದ ಬಸುರಿಯರಲ್ಲಿ ಶೇಕಡಾ 45ಕ್ಕೂ ಹೆಚ್ಚು ಜನಕ್ಕೆ ರಕ್ತಹೀನತೆ. ಖಾಲಿ ಗಡಿಗೆಗೆ ತೂತು ಬಿದ್ದಂಗೆ.

2007ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ 'ಸೇವಿಂಗ್ ಮದರ್ಸ್ ಲೈವ್ಸ್' ಅನ್ನೋ ವರದಿ ಹೊರಬಂತು. ಅಲ್ಲಿ 1952ರಿಂದಲೂ ಒಂದು ಒಳ್ಳೇ ಸಂಪ್ರದಾಯ ಇದೆ. ತಾಯಿ ಸತ್ತರೆ ಹೆಸರು ಮರೆಮಾಚಿ ಇಡೀ ಕೇಸನ್ನ ಓದುತ್ತಾರೆ. ಯಾರದು ತಪ್ಪು ಅಂತಲ್ಲ, ಎಲ್ಲಿ ತಪ್ಪಿತು ಅಂತ. (ನಮ್ಮಲ್ಲಿ ಕೇರಳದ ಸ್ತ್ರೀರೋಗ ತಜ್ಞರ ಒಕ್ಕೂಟ 2004ರಿಂದ ಇದೇ ಕೆಲಸ ಮಾಡ್ತಿದೆ. ಆ 19ರ ಹಿಂದೆ ಇದೂ ಒಂದು ಕಾರಣ ಅಂತ ನನ್ನ ಊಹೆ.) 2003-05ರ ಮೂರು ವರ್ಷದಲ್ಲಿ ಸತ್ತ 295 ತಾಯಂದಿರ ಕಾಗದ ಓದಿದವರು ಹೇಳಿದ್ದು, ಎಷ್ಟೋ ಕಡೆ ಸೂಚನೆ ಇತ್ತು, ಗುರುತಿಸಲಿಲ್ಲ ಅಂತ. ಹೆರಿಗೆ ವಾರ್ಡಿಗೇ ಅಂತ ಬೇರೆ ಎಚ್ಚರಿಕೆ ಚಾರ್ಟು ಮಾಡಿ ಎಲ್ಲ ಕಡೆ ಬಳಸಿ ಅಂತ ಶಿಫಾರಸು ಮಾಡಿದರು. ಅದನ್ನ ಇಂಗ್ಲಿಷಿನ ಮೊದಲಕ್ಷರ ಹಿಡಿದು 'ಮಿಯೋಸ್' ಅಂತ ಕರೀತಾರೆ. ಬೆಕ್ಕು ಕೂಗಿದ ಹಾಗೆ :)

ಚಾರ್ಟಿನಲ್ಲಿ ಅಂಕಗಳ ಕೂಡಿಕೆ ಕೂಡ ಇಲ್ಲ, ಬರೀ ಬಣ್ಣ. ನಾಡಿ ನೂರು ದಾಟಿದರೆ ಹಳದಿ ಪಟ್ಟಿ, 120 ದಾಟಿದರೆ ಕೆಂಪು. ಮೇಲಿನ ಬಿ.ಪಿ. 90ಕ್ಕಿಂತ ಕೆಳಗೆ ಹೋದರೂ ಕೆಂಪು, 160 ದಾಟಿದರೂ ಕೆಂಪು. ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು. ಒಂದು ಕೆಂಪು ಅಥವಾ ಎರಡು ಹಳದಿ ಬಂದರೆ ಡಾಕ್ಟರು ಬಂದು ನೋಡಬೇಕು. ಇಷ್ಟೇ. ಓದೋಕೆ ಬರದವರಿಗೂ ಅರ್ಥವಾಗುತ್ತೆ. ನನಗೆ ಇದರಲ್ಲಿ ದೊಡ್ಡದು ಅನಿಸಿದ್ದು ಬಣ್ಣ ಅಲ್ಲ. ಅವತ್ತು ರಾತ್ರಿಯ ಸಿಸ್ಟರು ಡಾಕ್ಟರ ಬಾಗಿಲು ಬಡಿಯೋಕೆ ಹೆದರಿದ್ದರು ಅಂತ ನನಗೆ ಈಗ ಅನಿಸುತ್ತೆ. ಎಬ್ಬಿಸಿ 'ಸರ್, ಯಾಕೋ ಸರಿ ಅನಿಸ್ತಿಲ್ಲ' ಅಂದ್ರೆ ಬೈಗಳು ಗ್ಯಾರಂಟಿ. 'ಸರ್, ಕೆಂಪು ಬಂದಿದೆ' ಅಂದ್ರೆ ಬೈಯೋಕೆ ಬರೋದಿಲ್ಲ. ಮುದುಕಿಯ ಎಣಿಕೆಗೂ ಕಿರಿಯ ದಾದಿಯ ಅನುಮಾನಕ್ಕೂ ಕಾಗದ ಒಂದು ತೂಕ ಕೊಡುತ್ತೆ.

ಅಷ್ಟಕ್ಕೇ ಎಲ್ಲ ಸರಿಹೋಯಿತಾ? ಇಲ್ಲ. 2012ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ 676 ಜನರ ಮೇಲೆ ಈ ಚಾರ್ಟನ್ನ ಪರೀಕ್ಷಿಸಿದರು. 200 ಜನಕ್ಕೆ ಎಚ್ಚರಿಕೆ ಬಾರಿಸಿತು. ನಿಜವಾಗಿ ತೊಂದರೆ ಆದವರು 86. ತೊಂದರೆಯಾದವರಲ್ಲಿ ಹತ್ತಕ್ಕೆ ಒಂಬತ್ತು ಜನರನ್ನ ಹಿಡಿಯಿತು, ಸರಿ. ಆದರೆ ಬಾರಿಸಿದ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಲಂಡನ್ನಿನಲ್ಲಿ ಅದನ್ನ ತಾಳಿಕೊಳ್ಳೋಕೆ ಡಾಕ್ಟರು ಇದ್ದಾರೆ. ರಾತ್ರಿ ಒಬ್ಬರೇ ಇರೋ ತಾಲ್ಲೂಕು ಆಸ್ಪತ್ರೆಯಲ್ಲಿ 'ಹುಲಿ ಬಂತು ಹುಲಿ' ಕಥೆ ಆಗೋಕೆ ಎಷ್ಟು ದಿನ ಬೇಕು?

ಇನ್ನೊಂದು ಪಾಠ ನಮ್ಮ ಪಕ್ಕದಲ್ಲೇ ಇದೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಚೆಕ್‌ಲಿಸ್ಟಿನ ಮೊದಲ ಪ್ರಯೋಗ ನಡೆದದ್ದು ಕರ್ನಾಟಕದ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ. ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಮಾಡ್ತಿದ್ದವರು ಆಮೇಲೆ 25 ಮಾಡಿದರು. ಎಲ್ಲರೂ ಕುಣಿದಾಡಿದರು. ಅದನ್ನೇ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡದಾಗಿ ಮಾಡಿ 2017ರಲ್ಲಿ ಲೆಕ್ಕ ನೋಡಿದರೆ, ಕೆಲಸಗಳು ಹೆಚ್ಚಾಗಿದ್ದವು, ಸಾವು-ನೋವು ಕಡಿಮೆಯಾಗಿರಲಿಲ್ಲ. ಹಾಗೇ ನಮ್ಮ ಮಗ್ಗುಲಿನ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ 2014ರಿಂದ 2016ರ ತನಕ 'ಕ್ಲಿಪ್' ಅನ್ನೋ ಪ್ರಯೋಗ ನಡೆಯಿತು. ಆಶಾ ಮತ್ತು ಎ.ಎನ್.ಎಂ. ಅಕ್ಕಂದಿರು ಮೊಬೈಲ್ ಆಪ್ ಹಿಡಿದು ಮನೆಮನೆಗೆ ಹೋಗಿ ಬಿ.ಪಿ. ನೋಡೋದು, ಆಪ್ ಅಪಾಯ ಅಂದರೆ ಅಲ್ಲೇ ಮಾತ್ರೆ, ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸೋದು. ನಮ್ಮ ರೋಣದ ಬೇಲಿಯಾಚೆ ಬಾದಾಮಿ, ಅದು ಬಾಗಲಕೋಟೆ ಜಿಲ್ಲೆ, ಅಷ್ಟು ಹತ್ತಿರ. 2020ರಲ್ಲಿ ಫಲಿತಾಂಶ ಬಂದಾಗ ತಾಯಿ-ಮಕ್ಕಳ ಸಾವು-ನೋವಿನ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಆ ಅಕ್ಕಂದಿರ ಕೆಲಸ ಸುಳ್ಳಲ್ಲ, ಆದರೆ ಗಂಟೆ ಬಾರಿಸಿ ಕಳಿಸಿದ ಮೇಲೆ ಆ ಕಡೆ ಬಾಗಿಲು ತೆಗೆಯೋರು ಯಾರು ಅನ್ನೋದು ಯಾವ ಆಪಿನಲ್ಲೂ ಇರೋದಿಲ್ಲವಲ್ಲ.

ಇಷ್ಟು ಓದಿ ನಾನು ನಿರಾಶನಾಗಿದ್ದೆ. ಆಗ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಹಾಳೆಯ ಕಥೆ. ಇದನ್ನ ಹೇಳೋಕೇ ಇಷ್ಟುದ್ದ ಬರೆದೆ ಅಂದ್ರೂ ಸರಿ.

2002ರಿಂದ 2005ರ ತನಕ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ, ರಿಚರ್ಡ್ ಡರ್ಮನ್ ಇವರೆಲ್ಲ ಅದರಲ್ಲಿದ್ದವರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ರಕ್ತಸ್ರಾವ ಕಡಿಮೆಯಾಗುತ್ತಾ ಅನ್ನೋದು ಪ್ರಶ್ನೆ. 1,620 ಹೆಂಗಸರು. ಹೆರಿಗೆ ಮಾಡಿಸಿದವರು ಎ.ಎನ್.ಎಂ.ಗಳು. ಉತ್ತರ ಹೌದು ಅಂತ ಬಂತು, ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ದೊಡ್ಡ ಸುದ್ದಿ. ನನಗೆ ಅದರ ಹಿಂದಿನ ಸಣ್ಣ ಸುದ್ದಿ ಇಷ್ಟ. ರಕ್ತ ಎಷ್ಟು ಹೋಯಿತು ಅಂತ ಅಳೆಯೋದು ಹೆಂಗೆ? ಕಣ್ಣಳತೆ ಯಾವಾಗಲೂ ಸುಳ್ಳು, ಹೆಚ್ಚು ಹೋದಷ್ಟೂ ಕಡಿಮೆ ಅಂದಾಜು ಮಾಡ್ತಾರೆ ಡಾಕ್ಟರೂ ಸೇರಿ. ಅದಕ್ಕೆ ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಬಾಣಂತಿಯ ಕೆಳಗೆ ಹಾಸೋದು, ತುದಿಯಲ್ಲಿ ಆಲಿಕೆ ತರದ ಚೀಲ, ಚೀಲದ ಮೇಲೆ ಅಳತೆಯ ಗೆರೆ. ರೂಪಿಸಿದವರ ಹೆಸರಿನ ಮೊದಲಕ್ಷರ ಕೂಡಿಸಿ 'ಬ್ರಾಸ್-ವಿ' ಅಂತ ಹೆಸರಿಟ್ಟರು. ಮೊದಮೊದಲು ಅದು ಅಧ್ಯಯನಕ್ಕೆ ಬೇಕಾದ ಅಳತೆಯ ಸಾಧನ, ಅಷ್ಟೇ.

ಆಯಿಯ ಧೋತರದ ತುಂಡು ನೆನಪಾಯಿತಾ? ನನಗೆ ಓದುವಾಗ ಮೈ ಜುಮ್ಮೆಂದಿತು.

ಆ ತರದ ಅಳತೆ ಹಾಳೆಯೇ ಮುಂದೆ 'ಇ-ಮೋಟಿವ್' ಅನ್ನೋ ಪ್ರಯೋಗದ ಜೀವಾಳ ಆಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳು, ಎರಡು ಲಕ್ಷ ಹತ್ತು ಸಾವಿರ ಹೆರಿಗೆ. ಹಾಳೆಯಲ್ಲಿ 500 ಮಿ.ಲೀ. ಗೆರೆ ಮುಟ್ಟಿದರೆ, ಅಥವಾ 300 ದಾಟಿ ಜೊತೆಗೆ ನಾಡಿಯೋ ಬಿ.ಪಿ.ಯೋ ಏರುಪೇರಾದರೆ, ಯಾರ ಅಪ್ಪಣೆಗೂ ಕಾಯದೆ ಎಲ್ಲ ಚಿಕಿತ್ಸೆ ಒಟ್ಟಿಗೇ ಶುರು. ಗರ್ಭಕೋಶ ತಿಕ್ಕೋದು, ಆಕ್ಸಿಟೋಸಿನ್, ಟ್ರನೆಕ್ಸಾಮಿಕ್ ಆಸಿಡ್, ಸಲೈನ್, ಪರೀಕ್ಷೆ. ಒಂದಾದ ಮೇಲೊಂದು ಅಲ್ಲ. 2023ರಲ್ಲಿ ಬಂದ ಫಲಿತಾಂಶ ನೋಡಿ: ತೀವ್ರ ರಕ್ತಸ್ರಾವ, ಅದರಿಂದಾಗೋ ಶಸ್ತ್ರಚಿಕಿತ್ಸೆ ಅಥವಾ ಸಾವು ಶೇಕಡಾ 4.3 ಇದ್ದಲ್ಲಿ 1.6. ಅದಕ್ಕಿಂತ ನನ್ನನ್ನ ತಟ್ಟಿದ್ದು ಇನ್ನೊಂದು ಅಂಕಿ. ಎಂದಿನಂತೆ ನಡೆದ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವ ಆದವರಲ್ಲಿ ಗುರುತಿಸಿದ್ದು ಶೇಕಡಾ 51 ಜನರನ್ನ ಮಾತ್ರ. ಹಾಳೆ ಹಾಸಿ ಕಲಿಸಿದಲ್ಲಿ 93. ಇಬ್ಬರಲ್ಲಿ ಒಬ್ಬಳನ್ನ ಆಸ್ಪತ್ರೆಯ ಹಾಸಿಗೆ ಮೇಲೆ, ದೀಪದ ಕೆಳಗೆ, ಯಾರೂ ನೋಡಿರಲಿಲ್ಲ! 84, 84, 84.

ಗೋಕಾಕದ ಸೀಮೆಯಲ್ಲೂ 2016-17ರಲ್ಲಿ ಇನ್ನೊಂದು ಯಂತ್ರವನ್ನ ಪರೀಕ್ಷಿಸಿದರು. ಆಫ್ರಿಕಾದ ಹಲವು ದೇಶ ಮತ್ತು ಹೈಟಿಯ ಜೊತೆ ಭಾರತದಿಂದ ಇದ್ದದ್ದು ಗೋಕಾಕ. ಬಿ.ಪಿ. ನೋಡೋ ಯಂತ್ರವೇ, ಆದರೆ ನಾಡಿಯನ್ನ ಬಿ.ಪಿ.ಯಿಂದ ಭಾಗಿಸಿ ಸಿಗ್ನಲ್ಲಿನ ತರ ಹಸಿರು, ಹಳದಿ, ಕೆಂಪು ತೋರಿಸುತ್ತೆ. ಆ ಭಾಗಲಬ್ಧ 0.9 ಮುಟ್ಟಿದರೆ ಹಳದಿ, 1.7 ಮುಟ್ಟಿದರೆ ಕೆಂಪು. ಅದರ ಒಟ್ಟು ಫಲಿತಾಂಶ ಅಷ್ಟು ಖಚಿತವಾಗಿ ಬರಲಿಲ್ಲ. ಬರೀ ಹುಷಾರು ಅಂದ ಕಡೆ ಫಲ ಕಮ್ಮಿ, ಹುಷಾರು ಅಂದವರ ಕೈಯಲ್ಲೇ ಔಷಧಿ ಕೊಟ್ಟ ಕಡೆ ಫಲ ಹೆಚ್ಚು. ಇಷ್ಟೆಲ್ಲ ಓದಿ ನನಗೆ ಅನಿಸಿದ್ದು ಇದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತದ್ದು ನಿಮಗೆಲ್ಲ ನೆನಪಿರುತ್ತೆ. ಅನುಮಾನ ಹೋದದ್ದು ಸಲೈನ್ ಮೇಲೆ. ಕೆಟ್ಟ ಔಷಧಿಯನ್ನ ಯಾವ ಚಾರ್ಟೂ ಒಳ್ಳೇದು ಮಾಡೋಕಾಗಲ್ಲ. ಆದರೂ ಒಂದೇ ವಾರ್ಡಿನಲ್ಲಿ ಒಂದರ ಹಿಂದೊಂದು ಹಾಸಿಗೆ ಕೆಂಪಾದರೆ ಅದನ್ನ ಕೂಡಿಸಿ ಓದೋರು ಬೇಕಲ್ಲವಾ? ಅದಾದ ಮೇಲೆ ಸರ್ಕಾರ 2024ರ ಏಪ್ರಿಲಿನಿಂದ ಡಿಸೆಂಬರ್ ತನಕದ ರಾಜ್ಯದ ತಾಯಂದಿರ ಸಾವುಗಳನ್ನ ಪರಿಶೀಲಿಸಿತು. 464 ಸಾವು. ಅದರಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ತಡೆಯಬಹುದಾಗಿತ್ತು ಅಂತ ಸರ್ಕಾರದ್ದೇ ಮಾತು.

ಈಗ ನಾನು ಇದನ್ನೆಲ್ಲ ಯಾಕೆ ಓದಿದೆ ಅನ್ನೋದು. ಅವತ್ತು ಹುಟ್ಟಿದ ಆ ಹೆಣ್ಣು ಕೂಸು, ಅಕ್ಕನ ಮಗಳು, ಈಗ ಏಳು ತಿಂಗಳ ಬಸುರಿ. ಚೊಚ್ಚಲು. ಹೋದ ವಾರ ಕುಬಸ ಆಯಿತು. ಹಡೆಯೋಕೆ ತವರಿಗೆ ಬಂದಿದ್ದಾಳೆ. ಎಲ್ಲಿ ಹಡೀಬೇಕು ಅಂತ ಮನೆಯಲ್ಲಿ ದಿನಾ ಪಂಚಾಯ್ತಿ. ಹತ್ತಿರದ್ದು ಇರಲಿ ಅಂತ ಒಬ್ಬರು, ಗದಗಕ್ಕೆ ಹೋಗೋಣ ಅಂತ ಒಬ್ಬರು, ಸೀದಾ ಹುಬ್ಬಳ್ಳಿ ಅಂತ ಒಬ್ಬರು. ಅಕ್ಕ ಮಾತ್ರ ಸುಮ್ಮನಿದ್ದಳು. ಒಂದು ದಿನ ನನಗೆ ಅಂದಳು, "ತಮ್ಮಾ, ನೀ ಏನೇನೋ ಓದೀಯಂತಲ್ಲ. ಹೋಗಿ ನೋಡಿ ಬರೋಣ ನಡಿ. ನನಗ ಬಿಲ್ಡಿಂಗ್ ತೋರಸಬ್ಯಾಡ. ರಾತ್ರಿ ಯಾರಿರ್ತಾರ ಕೇಳು."

ಎರಡು ಕಡೆ ಹೋದ್ವಿ. ಹೆಸರು ಇಲ್ಲೂ ಬೇಡ. ಮೊದಲನೇ ಕಡೆ ಟೈಲ್ಸು ಹೊಳೀತಿತ್ತು, ರಾತ್ರಿಯ ಮಾತು ಎತ್ತಿದ್ದಕ್ಕೆ 'ಅದೆಲ್ಲಾ ನಾವ್ ನೋಡ್ಕೋತೀವಿ' ಅಂದ್ರು. ಎರಡನೇ ಕಡೆ ಒಬ್ಬ ಸ್ಟಾಫ್ ನರ್ಸು, ಮೂವತ್ತರ ಹತ್ತಿರ, ನನ್ನ ಪ್ರಶ್ನೆಗೆ ಬೇಸರ ಮಾಡಿಕೊಳ್ಳಲಿಲ್ಲ. ಗೋಡೆಗೆ ಅಂಟಿಸಿದ್ದ ಬಣ್ಣದ ಚಾರ್ಟು ತೋರಿಸಿದರು. ಅಕ್ಕ ಹತ್ತಿರ ಹೋಗಿ ಚಾಳೀಸು ಏರಿಸಿ ನೋಡಿದಳು.

"ಕೆಂಪು ಬಂದ್ರ?"

"ಫೋನ್ ಮಾಡಬೇಕ್ರೀ ಅಕ್ಕಾರ. ಇಲ್ನೋಡ್ರಿ, ನಂಬರ್ ಕೆಳಗ ಬರದೀವಿ. ಅವರು ಎತ್ತಲಿಲ್ಲಂದ್ರ ಇದು ಎರಡನೇದು. ಮೂರನೇದು ಬ್ಲಡ್ ಬ್ಯಾಂಕಿಂದು."

ಸ್ಕೆಚ್ ಪೆನ್ನಿನಲ್ಲಿ ಬರೆದ ಮೂರು ನಂಬರು. ಒಂದನ್ನ ಅಳಿಸಿ ಹೊಸದು ಬರೆದಿದ್ದರು, ಅಂದ್ರೆ ಯಾರೋ ಬಳಸ್ತಿದ್ದಾರೆ. ಅಕ್ಕ ತನ್ನ ಮೊಬೈಲ್ ತೆಗೆದು ಮೂರನ್ನೂ ಇಳಿಸಿಕೊಂಡಳು. ಆಮೇಲೆ ಮನೆಗೆ ಬಂದು, ಟ್ರಂಕಿನಲ್ಲಿದ್ದ ಅಪ್ಪನ ಹಳೇ ಧೋತರ ತೆಗೆದು, ಒಗೆದು ಬಿಸಿಲಿಗೆ ಹಾಕಿ, ಒಂದೇ ಅಳತೆಗೆ ಹರಿಯೋಕೆ ಕೂತಳು.